ಕೋಡಿ ಕಬಡ್ಡಿ ಬಳಗದ ಮೊದಲನೇ ನಿಯಮ

ಮೊನ್ನೆ ಬೆಳಿಗ್ಗೆ ಕಾಫಿಗೆ ಕಾಯುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಮ್ಮಾಕೆ ಗ್ಯಾಸ್ ಒಲೆ ಒರೆಸುತ್ತಿದ್ದಳು. ಅವಳ ಕೈಯಲ್ಲಿದ್ದ ಮರೂನ್ ಬಟ್ಟೆಯ ಮೇಲೆ ‘ಕೋಡಿ ಕಬ’ ಎಂಬ ಅಕ್ಷರಗಳು ಕಂಡವು. ಉಳಿದ ಅಕ್ಷರಗಳು ಒಗ್ಗರಣೆಯ ಜಿಡ್ಡಿನಲ್ಲಿ ಮುಳುಗಿದ್ದವು. ಅದು ನನ್ನ ಜೆರ್ಸಿ ಎಂದು ಹೇಳಿದೆ. ಅವಳು ತಿರುಗಿಯೂ ನೋಡದೆ, ಇದನ್ನು ಒರೆಸೋ ಬಟ್ಟೆ ಮಾಡಿಕೊಳ್ಳಲೇ ಎಂದು ಎರಡು ಸಲ ಕೇಳಿದ್ದೆ, ಎರಡು ಸಲವೂ ಪೇಪರಿನಿಂದ ತಲೆಯೆತ್ತದೆ ಹ್ಞೂಂ ಅಂದಿದ್ದೀರಿ ಎಂದಳು. ಎಣ್ಣೆಯನ್ನು ಚೆನ್ನಾಗಿ ಹೀರುತ್ತದಂತೆ. ನಾನು ಹಾಕಿಕೊಂಡಾಗ ಅದು ಹೆಚ್ಚು ಬೆವರು ಹೀರಿದ್ದಿಲ್ಲ. ಏಕೆಂದರೆ ಬೆವರು ಬರುವಷ್ಟು ಹೊತ್ತು ನಾನು ಎಂದೂ ಅಂಕಣದೊಳಗೆ ಉಳಿದವನಲ್ಲ.

ಅದರ ಬೆನ್ನಿನ ಮೇಲೆ ಹದಿನಾಲ್ಕು ಎಂಬ ಸಂಖ್ಯೆಯಿತ್ತು. ನಮ್ಮ ಬಳಗದಲ್ಲಿ ಯಾವ ಕಾಲದಲ್ಲೂ ಒಟ್ಟಿಗೆ ಹತ್ತು ಜನರಿಗಿಂತ ಹೆಚ್ಚು ಇದ್ದದ್ದಿಲ್ಲ. ಹಾಗಿದ್ದ ಮೇಲೆ ಹದಿನಾಲ್ಕು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಜೆರ್ಸಿಯವನ ಬಳಿ ಆ ಹೊತ್ತಿಗೆ ಒಂದೂ ನಾಲ್ಕೂ ಮಾತ್ರ ಉಳಿದಿದ್ದವು. ಒಂದನೇ ನಂಬರು ಆಗಲೇ ಮುನಿಯಪ್ಪಣ್ಣನಿಗೆ ಹೋಗಿತ್ತು, ನಾಲ್ಕು ಗೋಪಾಲನಿಗೆ. ಎರಡನ್ನೂ ಸೇರಿಸಿ ನನಗೆ ಅಂಟಿಸಿದ.

ವರ್ತೂರು ಕೆರೆಯ ಕೋಡಿಯ ಮಗ್ಗುಲಲ್ಲಿ ನಮ್ಮದೊಂದು ಸಣ್ಣ ಊರು. ಈಗ ಅದು ಊರೋ, ನಾಲ್ಕು ಅಪಾರ್ಟ್‌ಮೆಂಟುಗಳ ನಡುವಿನ ಗಲ್ಲಿಯೋ ಎಂದು ಹೊಸಬರಿಗೆ ಹೇಳುವುದು ಕಷ್ಟ. ನಾನು ಹುಡುಗನಾಗಿದ್ದಾಗ ಅಲ್ಲಿ ರಾಗಿ ಹೊಲಗಳಿದ್ದವು, ಹೊಲಗಳ ನಡುವೆ ಲಕ್ಷ್ಮಕ್ಕನ ಕಣವಿತ್ತು. ಲಕ್ಷ್ಮಕ್ಕ ಎಂದರೆ ಊರಿಗೆಲ್ಲ ಹಿರಿಯಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲವನ್ನೂ ಮೂರು ಗಂಡುಮಕ್ಕಳನ್ನೂ ಒಂದೇ ಗದರಿಕೆಯಲ್ಲಿ ನಡೆಸಿದವಳು. ರಾಗಿ ಬಡಿದು ತೂರಿ ಮನೆಗೆ ಸಾಗಿಸಿದ ಮೇಲೆ, ಸಗಣಿ ಸಾರಿಸಿ ಗಟ್ಟಿಯಾಗಿದ್ದ ಆ ಕಣ ಸುಗ್ಗಿಯಿಂದ ಮಳೆಗಾಲದವರೆಗೆ ಖಾಲಿ ಬಿದ್ದಿರುತ್ತಿತ್ತು. ಅದರ ಮೇಲೆ ಮುನಿಯಪ್ಪಣ್ಣನ ಕಣ್ಣು ಬಿತ್ತು.

ಮುನಿಯಪ್ಪಣ್ಣ ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಆಳೆತ್ತರ, ಅಗಲ ಭುಜ, ಮಾತು ಕಡಿಮೆ. ಕಾರ್ಖಾನೆಯ ತಂಡದಲ್ಲಿ ಕಬಡ್ಡಿ ಆಡಿ ಆಡಿ, ನಮ್ಮೂರಿಗೂ ಒಂದು ಬಳಗ ಬೇಕೆಂದು ಅವನಿಗೆ ಅನ್ನಿಸಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆರೆಯ ಆಚೆ ದಡದ ಊರಿನವರಿಗೆ ಆಗಲೇ ಒಂದು ತಂಡವಿತ್ತು. ಅವರು ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ನಿಮ್ಮೂರಲ್ಲಿ ಏಳು ಗಂಡಸರು ಸಿಗ್ತಾರೇನ್ರಪ್ಪಾ ಎಂದು ಕೇಳುತ್ತಿದ್ದರು.

ಕಣ ಕೇಳಲು ಮುನಿಯಪ್ಪಣ್ಣ ಹೋದಾಗ ಲಕ್ಷ್ಮಕ್ಕ ಎರಡು ಷರತ್ತು ಹಾಕಿದಳು. ಒಂದು, ಚಪ್ಪಲಿ ಮೆಟ್ಟಿ ಕಣದೊಳಕ್ಕೆ ಬರಬಾರದು. ಇನ್ನೊಂದು, ಅಲ್ಲಿ ಕೆಟ್ಟ ಮಾತು ಆಡಬಾರದು. ರಾಶಿ ಪೂಜೆ ಮಾಡುವ ಜಾಗ ಅದು. ಮೊದಲನೆಯದು ಸುಲಭ. ಎರಡನೆಯದು ಎಷ್ಟು ಕಷ್ಟ ಎನ್ನುವುದು ಕಬಡ್ಡಿ ಆಡಿದವರಿಗಷ್ಟೇ ಗೊತ್ತು. ಹಿಂದಿನಿಂದ ಯಾರೋ ಸೊಂಟ ತಬ್ಬಿ ಎತ್ತಿ ಕುಕ್ಕಿದಾಗ ಬಾಯಿಂದ ಬರುವ ಮಾತಿಗೂ ಮನುಷ್ಯನ ಸಂಸ್ಕಾರಕ್ಕೂ ಸಂಬಂಧವಿರುವುದಿಲ್ಲ. ಕಣದ ಅಂಚಿನಲ್ಲಿ ಹುಲ್ಲಿನ ಬಣವೆಗೆ ಒರಗಿ ಲಕ್ಷ್ಮಕ್ಕ ಕೂತಿರುತ್ತಿದ್ದಳು. ಕೊನೆಗೆ ನಮ್ಮವರು ಬೈಗುಳದ ಜಾಗಕ್ಕೆ ತರಕಾರಿ ಹೆಸರುಗಳನ್ನು ತಂದುಕೊಂಡರು. ಹೊರಗಿನ ತಂಡದವರು ಬಂದಾಗ, ಬೆವರು ಸುರಿಸುವ ಗಂಡಸರು ಹಲ್ಲು ಕಚ್ಚಿ ಒಬ್ಬರಿಗೊಬ್ಬರು ಮೂಲಂಗಿ, ಸೋರೆಕಾಯಿ, ಸೀಮೆಬದನೆ ಎಂದು ಅಬ್ಬರಿಸುವುದನ್ನು ಕೇಳಿ ಏನೋ ಗೂಢ ತಂತ್ರವಿರಬೇಕೆಂದು ಕಂಗಾಲಾಗುತ್ತಿದ್ದರು.

ನನಗೂ ಆಡುವ ಆಸೆಯಿತ್ತು. ಮನೆಯಲ್ಲಿ ಕಂಬಳಿ ಹೊದ್ದು ಮಲಗಿ, ಒಂದೇ ಉಸಿರಿನಲ್ಲಿ ಎಷ್ಟು ಸಲ ಕಬಡ್ಡಿ ಎನ್ನಬಲ್ಲೆ ಎಂದು ಎಣಿಸುತ್ತಿದ್ದೆ. ನಮ್ಮವ್ವ ಅದನ್ನು ಕೇಳಿಸಿಕೊಂಡು, ಹುಡುಗ ಮೂರು ದಿನದಿಂದ ಏನೋ ಗೊಣಗುತ್ತಾನೆ, ಕೆರೆ ಏರಿ ಮೇಲೆ ಏನೋ ಕಂಡು ಹೆದರಿರಬೇಕು ಎಂದು ತಾಯತ ಕಟ್ಟಿಸಿದಳು. ತಾಯತದಿಂದ ಉಸಿರು ಉದ್ದವಾಗಲಿಲ್ಲ. ಎದುರಾಳಿಯ ಅಂಗಳಕ್ಕೆ ಕಾಲಿಟ್ಟು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನನ್ನ ಕಬಡ್ಡಿ ಬರೀ ‘ಕ ಕ ಕ’ ಆಗಿಬಿಡುತ್ತಿತ್ತು. ಮುನಿಯಪ್ಪಣ್ಣ ಒಂದು ತಿಂಗಳು ನೋಡಿ, ನನ್ನ ಮನಸ್ಸು ನೋಯಬಾರದೆಂದು, ನಿನ್ನ ಕೈಬರಹ ಚೆನ್ನಾಗಿದೆ, ನೀನು ಸೆಕ್ರೆಟರಿ ಆಗು ಎಂದ. ಅಂದಿನಿಂದ ಊರಲ್ಲಿ ನನ್ನ ಹೆಸರು ಹೋಯಿತು. ಈಗಲೂ ಎಲ್ಲರೂ ಸೆಕ್ರೆಟ್ರಿ ಎಂದೇ ಕರೆಯುತ್ತಾರೆ.

ಸೆಕ್ರೆಟರಿಯಾಗಿ ನಾನು ಮಾಡಿದ ಮೊದಲ ಕೆಲಸ ನಿಯಮಗಳ ಪುಸ್ತಕ ಬರೆದದ್ದು. ಅದರ ಮೊದಲನೇ ನಿಯಮದ ಹಿನ್ನೆಲೆ ಹೇಳಬೇಕು. ಪ್ರತಿ ವರ್ಷ ಯುಗಾದಿಯ ಮರುದಿನದ ಹೊಸತೊಡಕು ಕಳೆದ ಭಾನುವಾರ ಆಚೆ ದಡದವರಿಗೂ ನಮಗೂ ಪಂದ್ಯ ನಡೆಯುತ್ತಿತ್ತು. ಕಪ್ಪು, ಗಿಪ್ಪು ಇಲ್ಲ. ಪಂದ್ಯ ಮುಗಿದ ಮೇಲೆ ಬಾಡೂಟ. ಗೆದ್ದವರು ಕೂತು ಉಣ್ಣಬೇಕು, ಸೋತವರು ಎಲೆ ಹಾಕಿ ಬಡಿಸಿ, ಕೊನೆಗೆ ಎಂಜಲೆಲೆ ಎತ್ತಬೇಕು. ಒಂದು ವರ್ಷ ಆಚೆ ದಡದವರು ಯಾರದೋ ಭಾವಮೈದ ಎಂದು ಹೇಳಿ ರಾಜ್ಯಮಟ್ಟದ ಆಟಗಾರನೊಬ್ಬನನ್ನು ಕರೆತಂದು ನಮ್ಮನ್ನು ಹಿಟ್ಟು ಮಾಡಿಬಿಟ್ಟರು. ಜಗಳವಾಯಿತು. ಎರಡೂ ಊರಿನ ಹಿರಿಯರು ಸೇರಿ, ಇನ್ನು ಮೇಲೆ ಹೊರಗಿನವರನ್ನು ತರಬಾರದು ಎಂದು ತೀರ್ಮಾನಿಸಿದರು. ಮುನಿಯಪ್ಪಣ್ಣ ಹೇಳಿದ, ನಾನು ಚೆಂದದ ಅಕ್ಷರದಲ್ಲಿ ಬರೆದೆ: ‘ಆಯಾ ಊರಿನಲ್ಲಿ ಹುಟ್ಟಿದವರು ಮಾತ್ರ ಆಯಾ ಊರಿನ ಪರವಾಗಿ ಆಡತಕ್ಕದ್ದು.’ ಕೆಳಗೆ ಎರಡೂ ಕಡೆಯವರ ಸಹಿ.

ಆಮೇಲೆ ಕಾಲ ಹೇಗೆ ಸರಿಯಿತು ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಹೊಲಗಳು ಹೋದವು, ಬಾಡಿಗೆ ಮನೆಗಳು ಬಂದವು. ನಮ್ಮ ಆಟಗಾರರಲ್ಲಿ ಒಬ್ಬ ಪಿ.ಜಿ. ನಡೆಸತೊಡಗಿದ, ಇಬ್ಬರು ಕ್ಯಾಬ್ ಕೊಂಡರು, ಗೋಪಾಲ ನೀರಿನ ಟ್ಯಾಂಕರ್ ಇಟ್ಟ. ಎಲ್ಲರಿಗೂ ಹೊಟ್ಟೆ ಬಂತು. ನಾನೂ ಅಪ್ಪನ ಅರ್ಧ ಎಕರೆಯಲ್ಲಿ ಸಾಲಾಗಿ ಹತ್ತು ಶೀಟಿನ ಕೋಣೆ ಕಟ್ಟಿಸಿ, ಓನರ್ ಎನ್ನಿಸಿಕೊಂಡೆ. ಆಚೆ ದಡದವರು ಮಾತ್ರ ಅದು ಹೇಗೋ ಆಟ ಬಿಡಲಿಲ್ಲ. ಸತತವಾಗಿ ಒಂಬತ್ತು ಯುಗಾದಿ ನಾವು ಎಲೆ ಎತ್ತಿದೆವು. ಒಂಬತ್ತನೆಯ ಸಲ, ಮಂಡಿ ನೋವಿನಿಂದ ಆಟ ನಿಲ್ಲಿಸಿ ನಮಗೆ ಹೇಳಿಕೊಡುವುದಕ್ಕಷ್ಟೇ ಉಳಿದಿದ್ದ ಮುನಿಯಪ್ಪಣ್ಣ, ಎಂಜಲೆಲೆಯ ಬುಟ್ಟಿ ಹೊತ್ತು ತಿಪ್ಪೆಯವರೆಗೆ ನಡೆದು, ವಾಪಸು ಬಂದು ನನ್ನ ಪಕ್ಕ ಕೂತ.

“ಸಾಯೋದ್ರೊಳಗೆ ಒಂದ್ ಸಲ ಕೂತು ಉಣ್ಬೇಕು ಕಣೋ, ಸೆಕ್ರೆಟ್ರಿ” ಎಂದ.

ಅಷ್ಟು ಹೇಳಿ ಕೈ ತೊಳೆಯಲು ಎದ್ದು ಹೋದ. ಅವನು ಎಂದೂ ಏನನ್ನೂ ಬೇಕೆಂದು ಕೇಳಿದವನಲ್ಲ. ಅದಕ್ಕೇ ಆ ಮಾತು ನನ್ನೊಳಗೆ ಉಳಿದುಕೊಂಡಿತು.

ಆ ವರ್ಷವೇ ಶರಣಪ್ಪ ನನ್ನ ವಠಾರಕ್ಕೆ ಬಂದದ್ದು. ಯಾದಗಿರಿ ಕಡೆಯವನು. ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಸೆಂಟ್ರಿಂಗ್ ಕೆಲಸ. ಕಾಂಕ್ರೀಟು ಹಾಕುವ ಮುಂಚೆ ಹಲಗೆ ಬಿಗಿದು ಕಂಬ ನಿಲ್ಲಿಸುವುದು. ಸಣಕಲು ಮೈ, ಉದ್ದ ಕೈ, ಯಾವಾಗಲೂ ತಗ್ಗಿದ ದನಿ. ಹೆಂಡತಿ ಮಾದೇವಿಗೆ ಆಗ ಏಳು ತಿಂಗಳು. ಕೊನೆಯ ಕೋಣೆಯಲ್ಲಿ ಇರುತ್ತಿದ್ದರು. ಬಾಡಿಗೆಯವರ ಬಗ್ಗೆ ಓನರುಗಳಿಗೆ ಗೊತ್ತಿರುವಷ್ಟು ನನಗೂ ಗೊತ್ತಿತ್ತು, ಎಂದರೆ ನೀರು ಜಾಸ್ತಿ ಖರ್ಚು ಮಾಡುವವರೋ ಅಲ್ಲವೋ ಎನ್ನುವಷ್ಟು.

ಅವನನ್ನು ಕಂಡುಹಿಡಿದದ್ದು ನಾನಲ್ಲ, ಲಕ್ಷ್ಮಕ್ಕನ ಕರು. ಒಂದು ಸಂಜೆ ನಮ್ಮವರು ಅಭ್ಯಾಸ ಮಾಡುತ್ತಿದ್ದಾಗ ಕರು ಹಗ್ಗ ಬಿಚ್ಚಿಕೊಂಡು ಕಣದ ನಡುವೆಯೇ ನುಗ್ಗಿ ರಸ್ತೆಯ ಕಡೆಗೆ ಓಡಿತು. ರಸ್ತೆಯಲ್ಲಿ ಟ್ಯಾಂಕರುಗಳು ಒಂದರ ಹಿಂದೆ ಒಂದು. ನಮ್ಮ ಏಳು ಜನ ಅದನ್ನು ಸುತ್ತುವರಿದರು, ಅದು ಏಳು ಜನರ ನಡುವಿನಿಂದಲೂ ತಪ್ಪಿಸಿಕೊಂಡಿತು. ಕೆಲಸ ಮುಗಿಸಿ ಬುತ್ತಿಯ ಡಬ್ಬಿ ಹಿಡಿದು ಬರುತ್ತಿದ್ದ ಶರಣಪ್ಪ, ಡಬ್ಬಿಯನ್ನು ನಿಧಾನವಾಗಿ ನೆಲಕ್ಕಿಟ್ಟು, ಅಡ್ಡ ಬಿದ್ದು, ಕರುವಿನ ಹಿಂಗಾಲನ್ನು ಗೆಣ್ಣಿನ ಹತ್ತಿರ ಹಿಡಿದುಬಿಟ್ಟ. ಕರು ಮೆತ್ತಗೆ ಕೂತಿತು, ಒಂದು ಗೀರೂ ಆಗಲಿಲ್ಲ. ಲಕ್ಷ್ಮಕ್ಕ ಬಣವೆಯ ಬಳಿಯಿಂದ ಎದ್ದು ಬಂದು, ಇಷ್ಟು ವರ್ಷದಿಂದ ಇವರು ಯಾರನ್ನಾದರೂ ಹಿಡಿದದ್ದು ನಾನು ಕಾಣೆ, ಇವನು ಬಂದವನೇ ಹಿಡಿದ ಎಂದಳು.

ಮುನಿಯಪ್ಪಣ್ಣ ಅವನನ್ನು ಕೂರಿಸಿಕೊಂಡು ವಿಚಾರಿಸಿದ. ಊರಲ್ಲಿ ಆಡುತ್ತಿದ್ದೆ, ತಾಲ್ಲೂಕಿನವರೆಗೂ ಹೋಗಿದ್ದೆ, ಆಮೇಲೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದೆ ಎಂದು ಶರಣಪ್ಪ ಹೇಳಿದ. ಮಾರನೆಯ ದಿನದಿಂದ ಅವನೂ ಅಭ್ಯಾಸಕ್ಕೆ ಬಂದ. ಅವನು ರೈಡಿಗೆ ಹೋಗುವುದನ್ನು ನೋಡುವುದೇ ಒಂದು ಸುಖ. ಬೇರೆಯವರು ಕಬಡ್ಡಿ ಕಬಡ್ಡಿ ಎಂದು ಅಬ್ಬರಿಸುತ್ತ ಹೋದರೆ, ಇವನು ಮಗುವನ್ನು ಮಲಗಿಸುವವನ ಹಾಗೆ ಮೆಲ್ಲಗೆ ಹೇಳಿಕೊಳ್ಳುತ್ತ ಹೋಗಿ, ಯಾರಿಗೂ ತಿಳಿಯದ ಹಾಗೆ ಇಬ್ಬರನ್ನು ಮುಟ್ಟಿ ಬರುತ್ತಿದ್ದ. ಮುಟ್ಟಿಸಿಕೊಂಡವರು ಇನ್ನೂ ಕೈ ಚಾಚಿಕೊಂಡು ನಿಂತೇ ಇರುತ್ತಿದ್ದರು.

ಎರಡು ತಿಂಗಳು ಹೀಗೆ ನಡೆಯಿತು. ಯುಗಾದಿ ಹತ್ತಿರ ಬಂದಾಗ ತಂಡದ ಪಟ್ಟಿ ಮಾಡಲು ಕೂತೆವು. ಮುನಿಯಪ್ಪಣ್ಣ ಮೊದಲು ಹೇಳಿದ ಹೆಸರೇ ಶರಣಪ್ಪನದು. ಆಗ ನಾನು ಕೆಮ್ಮಿದೆ. ಪುಸ್ತಕ ತೆರೆದು ಮೊದಲನೇ ನಿಯಮ ಓದಿದೆ. ಎರಡೂ ಊರಿನವರು ಸಹಿ ಮಾಡಿದ್ದಾರೆ, ನಾವೇ ಮುರಿದರೆ ಹೇಗೆ ಎಂದೆ. ಈಗ ಯೋಚಿಸಿದರೆ, ನಿಯಮದ ಮೇಲಿನ ಗೌರವ ಅದರಲ್ಲಿ ಅರ್ಧ ಮಾತ್ರ. ನನ್ನ ಕೊನೆಯ ಕೋಣೆಯ ಬಾಡಿಗೆಯವನು ನಮ್ಮೂರಿನ ಹೆಸರಿನ ಜೆರ್ಸಿ ಹಾಕಿಕೊಂಡು ಕಣದ ನಡುವೆ ನಿಲ್ಲುವುದು, ನಾನು ಹೊರಗೆ ಪುಸ್ತಕ ಹಿಡಿದು ಕೂರುವುದು, ಇದು ನನಗೆ ಎಲ್ಲೋ ಚುಚ್ಚಿತ್ತು. ಆ ಮಾತನ್ನು ಅಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮುನಿಯಪ್ಪಣ್ಣ ನನ್ನ ಮುಖ ನೋಡಿ, ಆ ಹೆಸರನ್ನು ಪಟ್ಟಿಯಿಂದ ಬಿಟ್ಟ. ಬರೆಸಿದವನು ಅವನೇ ತಾನೆ. ಶರಣಪ್ಪ ಅಲ್ಲೇ ಚಪ್ಪಲಿಗಳ ಹತ್ತಿರ ನಿಂತಿದ್ದ.

“ಇರ್ಲಿ ಬಿಡ್ರಿ ಅಣ್ಣಾರ. ಹೊರಗ ಕುಂತು ನೋಡ್ತೀನ್ರಿ” ಎಂದು ಹೇಳಿ, ಎಂದಿನ ಹಾಗೆ ಬಿಂದಿಗೆ ತೆಗೆದುಕೊಂಡು ಧೂಳು ಏಳದಿರಲೆಂದು ಕಣಕ್ಕೆ ನೀರು ಚಿಮುಕಿಸಲು ಹೋದ.

ಪಂದ್ಯದ ದಿನ ಬೆಳಿಗ್ಗೆಯಿಂದಲೇ ಗಾಳಿ. ಕೊಳಚೆ ನೀರಿನಿಂದ ಕೆರೆಯಲ್ಲಿ ಉಕ್ಕುವ ನೊರೆ ಹಾರಿ ಹಾರಿ ಕಣದ ಮೇಲೆ ಬೀಳುತ್ತಿತ್ತು. ನಡುಗೆರೆ ಎಲ್ಲಿದೆ, ನೊರೆ ಎಲ್ಲಿದೆ ಎಂದು ಅಂಪೈರು ಪೊರಕೆ ಹಿಡಿದು ಹುಡುಕುತ್ತಿದ್ದ. ಆಚೆ ದಡದವರು ಎರಡು ಟೆಂಪೋದಲ್ಲಿ ಬಂದಿಳಿದರು. ಅವರ ನಾಯಕ ಕೃಷ್ಣಾರೆಡ್ಡಿ. ದಪ್ಪ ಮೀಸೆ, ದೊಡ್ಡ ದನಿ, ಆದರೆ ಕೆಟ್ಟವನಲ್ಲ. ನಮ್ಮ ಕಡೆ ಆರು ಜನ, ಆಳು ಸಾಲದೆ ಸೇರಿಸಿಕೊಂಡಿದ್ದ ನಾನೂ ಅದರಲ್ಲಿ ಒಬ್ಬ. ಏಳನೆಯವನು ಏರ್‌ಪೋರ್ಟಿಗೆ ಗಿರಾಕಿ ಬಿಟ್ಟು ಬರುವವನು ಮಾರತ್ತಹಳ್ಳಿ ಸೇತುವೆಯ ಕೆಳಗೆ ಸಿಕ್ಕಿಹಾಕಿಕೊಂಡಿದ್ದ. ಅರ್ಧ ಗಂಟೆ ಕಾದೆವು. ಫೋನು ಮಾಡಿದಾಗಲೆಲ್ಲ ಅದೇ ಸೇತುವೆ, ಅದೇ ಕಂಬ.

ಕೊನೆಗೆ ಮುನಿಯಪ್ಪಣ್ಣ, ಬಣವೆಯ ಬಳಿ ಕೂತಿದ್ದ ಶರಣಪ್ಪನಿಗೆ ಅಂಗಿ ಬಿಚ್ಚಿ ಬಾ ಎಂದು ಸನ್ನೆ ಮಾಡಿದ. ಕೃಷ್ಣಾರೆಡ್ಡಿ ತಕ್ಷಣ ಅಡ್ಡ ಬಂದ. ಇವನು ಯಾವೂರವನು ಎಂದು ಕೇಳಿದ. ನಿಮ್ಮ ಪುಸ್ತಕದಲ್ಲಿ ಏನಿದೆ, ಓದಿಸಿ ಎಂದ. ಪುಸ್ತಕ ನನ್ನ ಕಂಕುಳಲ್ಲೇ ಇತ್ತು. ಮನೆಯಲ್ಲಿ ಬಿಟ್ಟು ಬರಬಹುದಿತ್ತು, ಮರೆತೆ ಎನ್ನಬಹುದಿತ್ತು. ಸೆಕ್ರೆಟರಿಗಳಿಗೆ ಅಂಥ ಬುದ್ಧಿ ಸಮಯಕ್ಕೆ ಹೊಳೆಯುವುದಿಲ್ಲ. ಎಲ್ಲರ ಮುಂದೆ, ಶರಣಪ್ಪನ ಮುಂದೆ, ಗಟ್ಟಿಯಾಗಿ ಓದಿದೆ. ಅರ್ಧ ಅಂಗಿ ಬಿಚ್ಚಿದ್ದ ಅವನು ಮತ್ತೆ ಗುಂಡಿ ಹಾಕಿಕೊಳ್ಳತೊಡಗಿದ.

ಆಗ ಲಕ್ಷ್ಮಕ್ಕ ಕೂತಲ್ಲಿಂದಲೇ ನನ್ನನ್ನು ಕರೆದು ಇನ್ನೊಂದು ಸಲ ಓದಲು ಹೇಳಿದಳು. ಓದಿದೆ.

“ಉಟ್ಟಿದವರು ಅಂತ ಬರ್ದಿದೀಯಾ?” ಎಂದಳು.

ಹೌದು ಎಂದೆ.

“ಮುನಿಯಪ್ಪಾ, ನೀನು ಉಟ್ಟಿದ್ದು ಎಲ್ಲಪ್ಪಾ?”

ಮುನಿಯಪ್ಪಣ್ಣ ಒಂದು ಗಳಿಗೆ ತಡವರಿಸಿದ. ಮಾಲೂರಿನ ಹತ್ತಿರ, ಅವ್ವನ ತವರಿನಲ್ಲಿ ಎಂದ. ಲಕ್ಷ್ಮಕ್ಕ ಕೃಷ್ಣಾರೆಡ್ಡಿಯ ಕಡೆ ತಿರುಗಿದಳು. ಅವನು ಹೊಸಕೋಟೆಯಲ್ಲಿ, ಅವನ ಅಜ್ಜಿಯ ಮನೆಯಲ್ಲಿ. ಚೊಚ್ಚಲ ಹೆರಿಗೆ ಎಂದರೆ ತವರಿನಲ್ಲಿ ತಾನೆ. ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಆನೇಕಲ್, ಹೊಸೂರು, ದೇವನಹಳ್ಳಿ, ಬಂಗಾರಪೇಟೆ. ನನ್ನ ಸರದಿ ಬಂದಾಗ, ಪುಸ್ತಕ ಎದೆಗೊತ್ತಿಕೊಂಡು, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎಂದೆ. ಎರಡೂ ಕಡೆಯ ಆಟಗಾರರಲ್ಲಿ ತನ್ನ ಊರಿನಲ್ಲೇ ಹುಟ್ಟಿದವನು ಗೋಪಾಲನೊಬ್ಬ. ಅದೂ ಅವನ ಅವ್ವನಿಗೆ ತವರಿಗೆ ಹೋಗುವ ಬಸ್ಸು ತಪ್ಪಿದ್ದರಿಂದ.

“ಅಂಗಾದ್ರೆ ಗೋಪಾಲ ಒಬ್ನೇ ಆಡ್ಲಿ. ಮಿಕ್ಕೋರೆಲ್ಲ ಕೂತ್ಕಳಿ” ಎಂದಳು ಲಕ್ಷ್ಮಕ್ಕ.

ಮೊದಲು ನಕ್ಕವನು ಕೃಷ್ಣಾರೆಡ್ಡಿಯೇ. ಆಮೇಲೆ ಎಲ್ಲರೂ ನಕ್ಕರು. ಆದರೆ ಅವಳು ನಗಲಿಲ್ಲ. ನಗೆ ನಿಲ್ಲುವವರೆಗೆ ಕಾದು, ಇನ್ನೂ ಒಂದು ಮಾತು ಹೇಳಿದಳು. ಹತ್ತು ದಿನದ ಹಿಂದೆ ಕರೆಸಿದ ಆಟೋ ಜಾಮಿನಲ್ಲಿ ಸಿಕ್ಕಿಕೊಂಡು ಬಾರದೆ, ಆಸ್ಪತ್ರೆಗೆ ಹೋಗಲಾಗದೆ, ಸೆಕ್ರೆಟರಿಯ ವಠಾರದ ಕೊನೆಯ ಕೋಣೆಯಲ್ಲಿ ಇವನ ಹೆಂಡತಿಗೆ ಹೆಣ್ಣುಮಗುವಾಯಿತು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಈ ನನ್ನ ಕೈಯೇ. ನಿಮ್ಮ ಯಾರ ಮಕ್ಕಳೂ ಈಗ ಊರಲ್ಲಿ ಹುಟ್ಟುವುದಿಲ್ಲ. ಈಚೆಗೆ ಈ ಊರಲ್ಲಿ ಹುಟ್ಟಿದ್ದು ಅಂತ ಇರುವುದು ಆ ಮಗು ಒಂದೇ. ಅದರ ಅಪ್ಪ ಹೊರಗಿನವನು ಹೇಗಾಗುತ್ತಾನೆ ಎಂದು ಕೇಳಿದಳು.

ನನ್ನ ವಠಾರದಲ್ಲೇ ಆದ ಹೆರಿಗೆ ಅದು. ನಾನು ಮಾರನೆಯ ದಿನ ಹೋಗಿ, ಮಗು ಚೆನ್ನಾಗಿದೆಯಾ ಎಂದು ಬಾಗಿಲಲ್ಲೇ ಕೇಳಿ ಬಂದಿದ್ದೆ. ಕೃಷ್ಣಾರೆಡ್ಡಿ ಮೀಸೆ ಒರೆಸಿಕೊಂಡು ಶರಣಪ್ಪನ ಹತ್ತಿರ ಹೋಗಿ, ಬಾರಪ್ಪಾ, ಬಂದು ಆಡು ಎಂದು ಅವನ ತೋಳು ಹಿಡಿದು ಕಣದೊಳಕ್ಕೆ ಕರೆತಂದ.

ಪಂದ್ಯದ ಬಗ್ಗೆ ನಾನು ಹೆಚ್ಚು ಹೇಳಲಾರೆ, ಹೆಚ್ಚಿನ ಹೊತ್ತು ಹೊರಗೇ ಕೂತಿದ್ದೆ. ಆ ದಿನ ನಾನು ಮೂರು ಸಲ ಔಟಾದೆ. ಎರಡು ಸಲ ಶರಣಪ್ಪ ಪಾಯಿಂಟು ತಂದು ನನ್ನನ್ನು ಬದುಕಿಸಿ ಒಳಗೆ ಕರೆದುಕೊಂಡ, ಮೂರನೆಯ ಸಲ ನಾನೇ ಬೇಡವೆಂದು ಪ್ರಾರ್ಥಿಸಿಕೊಂಡೆ. ಕೊನೆಯ ರೈಡಿನ ಹೊತ್ತಿಗೆ ಎರಡೂ ಕಡೆ ಸಮಸಮ. ಶರಣಪ್ಪ ಹೋದ. ಒಬ್ಬನನ್ನು ಮುಟ್ಟಿದ, ತಿರುಗಿದ, ಅಷ್ಟರಲ್ಲಿ ಕೃಷ್ಣಾರೆಡ್ಡಿ ಸೊಂಟಕ್ಕೆ ಬಿದ್ದ, ಇನ್ನೊಬ್ಬ ಕಾಲಿಗೆ, ಮತ್ತಿಬ್ಬರು ಅವರ ಮೇಲೆ. ನೊರೆಯಲ್ಲಿ ಎಲ್ಲರೂ ಜಾರಿದರು. ಆ ರಾಶಿಯೊಳಗಿನಿಂದ ಕಬಡ್ಡಿ ಕಬಡ್ಡಿ ಎಂಬ ತಗ್ಗಿದ ದನಿ ಮಾತ್ರ ನಿಲ್ಲದೆ ಕೇಳುತ್ತಿತ್ತು. ಆಮೇಲೆ ರಾಶಿಯ ಅಡಿಯಿಂದ ಒಂದು ಉದ್ದನೆಯ ಕೈ ಹೊರಬಂದು, ಬೆರಳುಗಳು ಒಂದೊಂದಾಗಿ ಮಣ್ಣು ತಡಕಿ, ನಡುಗೆರೆಯ ಮೇಲೆ ಕೂತವು. ಅಂಪೈರು ಬಗ್ಗಿ, ನೊರೆ ಒರೆಸಿ, ನೋಡಿ, ಪೀಪಿ ಊದಿದ. ನಮ್ಮವರು ಕುಣಿದರು. ಮುನಿಯಪ್ಪಣ್ಣ ಕುಣಿಯಲಿಲ್ಲ, ಸೀದಾ ಹೋಗಿ, ಇನ್ನೂ ಎಲೆ ಹಾಕದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ, ಮಂಡಿ ನೋವನ್ನೂ ಲೆಕ್ಕಿಸದೆ.

ಊಟಕ್ಕೆ ಶರಣಪ್ಪನನ್ನು ಅವನ ಪಕ್ಕದಲ್ಲೇ ಕೂರಿಸಿದೆವು. ಕೃಷ್ಣಾರೆಡ್ಡಿ ಮಾಂಸದ ಸಾರಿನ ಬಕೆಟ್ಟು ಹಿಡಿದು, ದೊಡ್ಡ ಸೌಟು ತುಂಬಿಸಿ ಮೊದಲು ಅವನ ಎಲೆಯ ಮುಂದೆ ಬಗ್ಗಿದ. ಶರಣಪ್ಪ ಎಲೆಗೆ ಕೈ ಅಡ್ಡ ಹಿಡಿದು, ಬಹಳ ಸಂಕೋಚದಿಂದ, ನಾವು ತಿನ್ನಂಗಿಲ್ರಿ ಎಂದ.

ಬಾಡೂಟಕ್ಕಾಗಿ ಒಂಬತ್ತು ವರ್ಷ ಕಾದ ಊರನ್ನು ಗೆಲ್ಲಿಸಿಕೊಟ್ಟವನು ಬಾಡು ಮುಟ್ಟದವನು. ಹೊಸತೊಡಕಿನ ವಾರದಲ್ಲಿ ನಮ್ಮೂರಿನಲ್ಲಿ ಮಾಂಸ ಬೀಳದ ಒಂದು ಪಾತ್ರೆ ಸಿಗುವುದೂ ಕಷ್ಟ. ಕೃಷ್ಣಾರೆಡ್ಡಿ ಬಕೆಟ್ಟನ್ನು ಕೆಳಗಿಟ್ಟು, ಸೋತವರು ಬಡಿಸಬೇಕು ಎನ್ನುವುದು ಕಟ್ಟಳೆ, ಇವನು ಉಣ್ಣದೆ ನಾವು ಬಡಿಸಿದ ಹಾಗಾಗುವುದಿಲ್ಲ ಎಂದು ಮನೆಮನೆ ವಿಚಾರಿಸಲು ಹೊರಟೇಬಿಟ್ಟ. ಅಷ್ಟರಲ್ಲಿ ಲಕ್ಷ್ಮಕ್ಕ ಹೇಳಿಕಳಿಸಿದ್ದಕ್ಕೋ ಏನೋ, ಮಾದೇವಿಯ ಪಕ್ಕದ ಕೋಣೆಯ ಹೆಂಗಸು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಂದಳು. ಕೃಷ್ಣಾರೆಡ್ಡಿ ಆ ಬುಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡು, ತಾನೇ ಶರಣಪ್ಪನ ಎಲೆಗೆ ಬಡಿಸಿದ. ಮುನಿಯಪ್ಪಣ್ಣ ಅವನ ಎಲೆಯಿಂದ ಒಂದು ರೊಟ್ಟಿ ಮುರಿದುಕೊಂಡು ತನ್ನ ಸಾರಿನಲ್ಲಿ ಅದ್ದಿ ತಿಂದ. ಆಮೇಲೆ ಅವನು ಮುದ್ದೆಯನ್ನು ಮುಟ್ಟಲೇ ಇಲ್ಲ. ಊಟ ಮುಗಿದು ಎಲ್ಲರೂ ಎದ್ದ ಮೇಲೂ ಎಷ್ಟೋ ಹೊತ್ತು ಅಲ್ಲೇ ಕೂತಿದ್ದ.

ಮಾರನೆಯ ದಿನ ಮುನಿಯಪ್ಪಣ್ಣ ನನ್ನಿಂದ ಮೊದಲನೇ ನಿಯಮ ಹೊಡೆದುಹಾಕಿಸಿದ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಮೂರು ಸಂಜೆ ಚರ್ಚೆ ಮಾಡಿದೆವು. ‘ವಾಸವಿರುವವರು’ ಎಂದರೆ ಇಡೀ ಅಪಾರ್ಟ್‌ಮೆಂಟೇ ಬಂದುಬಿಟ್ಟರೆ ಎಂದು ಗೋಪಾಲ ಹೆದರಿದ. ‘ಊರವರು’ ಎಂದರೆ ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು. ಕೊನೆಗೆ ಏನೂ ಬರೆಯಲಿಲ್ಲ. ನಮ್ಮ ಪುಸ್ತಕ ಈಗಲೂ ಎರಡನೇ ನಿಯಮದಿಂದಲೇ ಶುರುವಾಗುತ್ತದೆ.

ಶರಣಪ್ಪನಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಕೊನೆಯ ಕೋಣೆಯವರೆಗೆ ಹೋದೆ. ಒಂದು ಸಲ ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದೆ, ಇನ್ನೊಂದು ಸಲ ಶೀಟು ಸೋರುತ್ತದಾ ಎಂದು. ಮೂರು ವರ್ಷ ಅವನು ನಮ್ಮೂರಿಗೆ ಆಡಿದ. ಅಪಾರ್ಟ್‌ಮೆಂಟು ಎದ್ದು ನಿಂತಿತು, ಅದರೊಳಗೆ ಜನ ತುಂಬಿದರು, ಕಟ್ಟಿದವನು ಗಂಟು ಕಟ್ಟಿದ. ಮಾದನಾಯಕನಹಳ್ಳಿಯ ಕಡೆ ಗೋದಾಮಿನಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ಲಕ್ಷ್ಮಕ್ಕನ ಕಣವೂ ಆಮೇಲೆ ಮಕ್ಕಳ ಪಾಲಾಗಿ ಐದು ಅಂತಸ್ತಿನ ಮನೆಯಾಯಿತು. ಅವಳು ಈಗ ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ಕೂರುತ್ತಾಳೆ. ನಾವು ಶಾಲೆಯ ಮೈದಾನದಲ್ಲಿ ಆಡುತ್ತೇವೆ. ಅಲ್ಲಿ ಬೈಯಲು ಅಡ್ಡಿಯಿಲ್ಲ, ಆದರೂ ಬಾಯಿಗೆ ತರಕಾರಿಯೇ ಬರುತ್ತದೆ.

ಹೋದ ವರ್ಷ ಶರಣಪ್ಪ ಫೋನು ಮಾಡಿದ. ಗೋದಾಮಿನ ಹಮಾಲರನ್ನೆಲ್ಲ ಸೇರಿಸಿ ತಾನೂ ಒಂದು ಬಳಗ ಕಟ್ಟಿದ್ದೇನೆ, ನೀವೆಲ್ಲ ಆಡಲು ಬರಬೇಕು ಎಂದ. ಒಂದು ಭಾನುವಾರ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೊರಟೆವು. ಮುನಿಯಪ್ಪಣ್ಣ ಕೋಲು ಹಿಡಿದು ಮುಂದಿನ ಸೀಟಿನಲ್ಲಿ. ಬೆಂಗಳೂರಿನ ಈ ಮೂಲೆಯಿಂದ ಆ ಮೂಲೆಗೆ ಮುಟ್ಟುವಷ್ಟರಲ್ಲಿ ಮೂರು ಗಂಟೆಯಾಯಿತು, ಇಬ್ಬರು ವಾಂತಿ ಮಾಡಿಕೊಂಡರು. ಲಾರಿಗಳು ನಿಲ್ಲುವ ಅಂಗಳದಲ್ಲಿ ಒಂದು ಮೂಲೆಗೆ ಕೆಮ್ಮಣ್ಣು ಹಾಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದಿದ್ದರು. ಅವನ ತಂಡದಲ್ಲಿ ಯಾದಗಿರಿ, ರಾಯಚೂರು, ಕೊಪ್ಪಳದವರ ಜೊತೆಗೆ ಇಬ್ಬರು ಬಿಹಾರದವರು, ಒಬ್ಬ ಒಡಿಶಾದವನು. ಮಗಳು ಉದ್ದ ಜಡೆ ಹಾಕಿಕೊಂಡು ಶಾಲೆಗೆ ಹೋಗುವಷ್ಟಾಗಿದ್ದಳು. ಲಕ್ಷ್ಮಕ್ಕನ ಹೆಸರನ್ನೇ ಇಟ್ಟಿದ್ದಾರೆಂದು ನನಗೆ ಆಗಲೇ ಗೊತ್ತಾದದ್ದು. ನನ್ನ ಮನೆಯ ಹತ್ತು ಮಾರು ದೂರದಲ್ಲಿ ಮೂರು ವರ್ಷ ಬೆಳೆದ ಮಗು.

ಎಲ್ಲರೂ ಟೀ ಕುಡಿಯುತ್ತಿದ್ದಾಗ ಅವನನ್ನು ಒಂದು ಲಾರಿಯ ಮರೆಗೆ ಕರೆದುಕೊಂಡು ಹೋದೆ. ಅಂದು ಪಟ್ಟಿ ಮಾಡುವಾಗ ನಿಯಮ ಎತ್ತಿದ್ದು ನಾನು, ಅದು ನಿಯಮಕ್ಕಾಗಿ ಅಲ್ಲ, ನನ್ನ ಹೊಟ್ಟೆಕಿಚ್ಚಿಗೆ, ತಪ್ಪಾಯಿತು ಎಂದೆ.

“ಅವತ್ತು ಮನಸಿಗಿ ಹತ್ತಿತ್ರಿ. ಮನಿಗಿ ಹೋಗಿ ಊಟ ಮಾಡಾಕ ಆಗ್ಲಿಲ್ರಿ. ಮಾದೇವಿ, ಈ ಊರು ಬಿಟ್ಟು ಹೋಗೂಣು ಅಂದ್ಳು” ಎಂದ. ಪರವಾಗಿಲ್ಲ, ಏನೂ ಅನ್ನಿಸಲಿಲ್ಲ ಎಂದು ಅವನು ಹೇಳಬಹುದೆಂದು ನಾನು ಅಂದುಕೊಂಡಿದ್ದೆ. ಹೇಳದಿದ್ದುದೇ ಒಳ್ಳೆಯದಾಯಿತು. “ಈಗ ಹೇಳಿದ್ರಲ್ರಿ, ಇಳೀತು” ಎಂದು ಲೋಟ ಖಾಲಿ ಮಾಡಿ ನನ್ನ ಭುಜ ಮುಟ್ಟಿದ.

ಆಗ ಅಂಗಳದಿಂದ ಯಾರೋ ಅವನನ್ನು ಕೂಗಿದರು. ತುರ್ತಾಗಿ ಲೋಡು ಇಳಿಸುವ ಕರೆ ಬಂದು ಅವರ ತಂಡದ ಒಬ್ಬ ಹೋಗಿದ್ದ. ಆರು ಜನ ಉಳಿದಿದ್ದರು. ಶರಣಪ್ಪ ಸುತ್ತ ಕಣ್ಣಾಡಿಸಿ, ನನ್ನ ಕಡೆ ತಿರುಗಿದ.

“ನಮ್ಮ ಕಡಿ ಒಬ್ಬ ಕಮ್ಮಿ ಅದಾನ್ರಿ. ನೀವು ಬರ್ರಿ.”

ಐವತ್ತು ದಾಟಿದ ನಾನು ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ಮಾದನಾಯಕನಹಳ್ಳಿಯ ಹಮಾಲರ ಪಕ್ಕ ಹೋಗಿ ನಿಂತೆ. ಒಡಿಶಾದವನು ನನ್ನ ಎಡಗೈ ಹಿಡಿದುಕೊಂಡ, ಶರಣಪ್ಪ ಬಲಗೈ. ಎದುರಿಗೆ ನಮ್ಮೂರಿನ ಏಳು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮುನಿಯಪ್ಪಣ್ಣ ಕೋಲನ್ನು ನೆಲಕ್ಕೆ ಕುಟ್ಟಿ, ಹಿಡೀರೋ ಅವನ್ನ, ಬಿಡಬೇಡಿ ಎಂದು ನಮ್ಮೂರಿನವರನ್ನು ಹುರಿದುಂಬಿಸಿದ. ಮೊದಲ ರೈಡಿಗೆ ಬಂದ ಗೋಪಾಲ, ಬೇರೆ ಯಾರ ಕಡೆಗೂ ನೋಡದೆ ಸೀದಾ ನನ್ನ ಬಳಿಗೇ ಬಂದು, ಮೆಲ್ಲಗೆ ನನ್ನ ಹೊಟ್ಟೆ ಮುಟ್ಟಿ ಹೋದ.